ಕಂಬ ನಿಲ್ಲಿಸುವ ಮೊದಲು ಮಲಗಿಸುವ ಮೌನಪ್ಪ

ಹೈದರಾಬಾದಿನ ಬೋರಬಂಡದ ದಿಬ್ಬದ ಮೇಲಿನ ಮನೆಗಳಿಗೆ ಬೆಳಕು ಮೊದಲು ಮಾಳಿಗೆಗೆ ಬರುತ್ತದೆ, ಓಣಿಗೆ ಆಮೇಲೆ ಇಳಿಯುತ್ತದೆ. ಆರು ಗಂಟೆಗೆ ಇನ್ನೂ ಐದು ನಿಮಿಷ ಇದೆ. ಮೂರಂತಸ್ತಿನ ಮನೆಯೊಂದರ ಮಾಳಿಗೆಯಲ್ಲಿ ಮೌನಪ್ಪ ಐದು ಅಡಿ ಉದ್ದದ ಕಬ್ಬಿಣದ ಕಂಬವೊಂದನ್ನು, ನಿದ್ದೆ ಹತ್ತಿದ ಕೂಸನ್ನು ಹಾಸಿಗೆಗೆ ಇಳಿಸುವ ಹಾಗೆ, ಸಪ್ಪಳವಿಲ್ಲದೆ ನೆಲಕ್ಕೆ ಮಲಗಿಸುತ್ತಾರೆ. ಬುಡವನ್ನು ಬೂಟುಗಾಲಿನಲ್ಲಿ ಒತ್ತಿ ಹಿಡಿದು ತುದಿಯನ್ನು ಗಡಿಯಾರದ ಮುಳ್ಳಿನಂತೆ ಸುತ್ತ ತಿರುಗಿಸುತ್ತಾರೆ. ತುದಿ ಮುಟ್ಟಿದಲ್ಲೆಲ್ಲ ಸೀಮೆಸುಣ್ಣದ ಗೆರೆ. ಆ ಸುತ್ತಿನ ಹೊರಗೆ, ಅದರ ಇಮ್ಮಡಿ ಅಳತೆಗೆ, ಮತ್ತೊಂದು ಗೆರೆ.

"ಕಂಬ ನಿಲ್ಲಸೂಕಿಂತ ಮೊದಲ, ಬಿದ್ರ ಎಲ್ಲಿ ಬೀಳ್ತೈತಿ ಅಂತ ನೋಡಬೇಕ್ರಿ. ಈ ಹೊರಗಿನ ಗೆರಿಯೊಳಗ ಕರೆಂಟಿನ ವೈರ ಬಂತಂದ್ರ ಮುಗೀತು. ಸಾಕ್ಷಾತ್ ಮೌನೇಶ ಬಂದು ಹೇಳಿದ್ರೂ ಅಲ್ಲಿ ನಿಲ್ಲಸಂಗಿಲ್ಲ," ಎನ್ನುತ್ತಾರೆ ಅವರು.

ಮಾಳಿಗೆಯ ಮುಂಭಾಗದಲ್ಲಿ ಹೊರಗಿನ ಗೆರೆ ಗೋಡೆ ದಾಟಿ ಗಾಳಿಗೆ ಹೋಗುತ್ತದೆ. ಅಲ್ಲಿ, ಕೈಗೆ ಸಿಗುತ್ತದೇನೋ ಎನ್ನುವಷ್ಟು ಹತ್ತಿರ, ಓಣಿಯುದ್ದಕ್ಕೂ ಕರೆಂಟಿನ ತಂತಿಗಳು ಹಾದಿವೆ. ಹೈದರಾಬಾದಿನಲ್ಲಿ ಮನೆಗಳು ತಂತಿಯತ್ತ ಬೆಳೆದವೋ, ತಂತಿಗಳೇ ಮನೆಯತ್ತ ಸರಿದವೋ ಹೇಳುವುದು ಕಷ್ಟ. ಮೌನಪ್ಪ ಕಂಬವನ್ನು ಎತ್ತಿಕೊಂಡು ಹಿತ್ತಲ ಕಡೆಗೆ, ನೀರಿನ ಟ್ಯಾಂಕಿನ ಪಕ್ಕಕ್ಕೆ ಬರುತ್ತಾರೆ. ಮತ್ತೆ ಮಲಗಿಸುತ್ತಾರೆ, ಮತ್ತೆ ಸುತ್ತಿಸುತ್ತಾರೆ. ಇಲ್ಲಿ ಎರಡೂ ಗೆರೆಗಳೊಳಗೆ ಬರಿಯ ಆಕಾಶ. ತಲೆಯಾಡಿಸಿ, ನೆಲ ಮುಟ್ಟಿ ಹಣೆಗೆ ಕೈ ಒತ್ತಿಕೊಳ್ಳುತ್ತಾರೆ.

ಮೌನಪ್ಪನವರಿಗೆ ಐವತ್ತೆರಡು ವರ್ಷ. ಸುರಪುರ ಸೀಮೆಯ ಕಮ್ಮಾರರ ಮನೆತನ. ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತು ಹುಟ್ಟಿದ್ದಕ್ಕೆ ಆ ಹೆಸರು. ಹೈದರಾಬಾದಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಮೊದಲು ಕಿಟಕಿ ಗ್ರಿಲ್ಲುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದರು, ಆಮೇಲೆ ಮನೆಮನೆಗೆ ಡಿಶ್ ಏರಿಸಿದರು. ಕಾಲ ಹೇಗೆ ತಿರುಗುತ್ತದೆ ನೋಡಿ, ತಾವೇ ಏರಿಸಿದ ಡಿಶ್ಶುಗಳನ್ನು ಈಗ ತಾವೇ ಇಳಿಸುತ್ತಾರೆ. ವಾರಕ್ಕೆ ಏಳೆಂಟು ಇಳಿಯುತ್ತವೆ. ಅದರ ಜಾಗದಲ್ಲಿ ಕೆಲವರು ಏನೂ ಹಾಕಿಸುವುದಿಲ್ಲ, ಫೋನೇ ಸಾಕು ಎನ್ನುತ್ತಾರೆ. ಇನ್ನು ಕೆಲವರು, ಹೆಚ್ಚಾಗಿ ವಯಸ್ಸಾದವರಿರುವ ಮನೆಯವರು, ಮೀನಿನ ಮುಳ್ಳಿನಂಥ ಹಳೆಯ ಆಂಟೆನಾವನ್ನೇ ಕೇಳುತ್ತಾರೆ. ದಿನಕ್ಕೆ ಎರಡು ಮನೆ, ಮೂರನೆಯದನ್ನು ಮೌನಪ್ಪ ಒಪ್ಪಿಕೊಳ್ಳುವುದಿಲ್ಲ. ದಣಿದ ಕೈಗೆ ಮಾಳಿಗೆಯ ಅಂಚು ಕಾಣುವುದಿಲ್ಲ ಎಂಬುದು ಅವರ ಲೆಕ್ಕ.

ಇಂದಿನ ಮನೆ ಗದಿಗೆಮ್ಮನದು. ಎಪ್ಪತ್ತು ದಾಟಿದ ಹೆಣ್ಣುಮಗಳು, ಕಲಬುರಗಿ ಕಡೆಯವರು. ಮಗಳು ಸುವರ್ಣಾ, ಅಳಿಯ ಆನಂದಕುಮಾರನ ಜೊತೆ ಇದ್ದಾರೆ. ಪಕ್ಕದ ಸೈಟಿನಲ್ಲಿ ಆರಂತಸ್ತಿನ ಕಟ್ಟಡ ಎದ್ದು ಡಿಶ್ಶಿನ ಆಗ್ನೇಯ ದಿಕ್ಕನ್ನು ಗೋಡೆಯಂತೆ ಮುಚ್ಚಿಬಿಟ್ಟಿದೆ. ಎರಡು ತಿಂಗಳಿಂದ ಟಿ.ವಿ. ಮೇಲೆ ಕಾಣುವುದು 'ಸಿಗ್ನಲ್ ಇಲ್ಲ' ಎಂಬ ಒಂದೇ ಸಾಲು.

ಒಂದು ನಟ್ಟೂ ಬಿಚ್ಚುವ ಮೊದಲು, ಬಾಗಿಲಲ್ಲೇ ನಿಂತು ಮೌನಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದಾರೆ.

"ಅವ್ವಾ, ಇದರಾಗ ಬರೂದು ದೂರದರ್ಶನದ ನಾಕೈದು ಚಾನೆಲ್ ಅಷ್ಟ. ಧಾರಾವಾಹಿ ಚಾನೆಲ್ ಬರಂಗಿಲ್ಲ. ಕನ್ನಡಾ ಅಂತೂ ಇಲ್ಲಿ ಬರಂಗೇ ಇಲ್ಲ. ಆಮ್ಯಾಲೆ ನನಗ ಬೈಬ್ಯಾಡ."

"ತೆಲುಗಾದ್ರೂ ಬರ್ತೈತಿಲ್ಲೋ ತಮ್ಮಾ?"

"ಬರ್ತೈತಿ."

"ಮುಂಜಾನೆ ಗುಡಿ, ಪೂಜಿ ತೋರಸ್ತಾರಿಲ್ಲೋ? ಅಷ್ಟ ಸಾಕು. ದೇವರಿಗೆ ಆರತಿ ಯಾವ ಭಾಷಾದಾಗ ಮಾಡಿದ್ರೂ ಉರಿಯೂದು ಎಣ್ಣೀನ."

ಅಲ್ಲಿಗೆ ಒಪ್ಪಂದ ಮುಗಿದಿದೆ.

ಯಾವ ಮನೆಯಲ್ಲೂ ಮಾಳಿಗೆ ಹತ್ತುವ ಮುನ್ನ ಮೌನಪ್ಪ ಮನೆಯವರನ್ನೆಲ್ಲ ನಿಲ್ಲಿಸಿ ಮೂರು ಮಾತು ಹೇಳುತ್ತಾರೆ, ಇಲ್ಲಿಯೂ ಹೇಳಿದ್ದಾರೆ. ನಾ ಹೇಳುವ ತನಕ ಕಂಬಕ್ಕೆ ಯಾರೂ ಕೈ ಹಚ್ಚಬಾರದು. ಬೀಳುವ ಕಂಬವನ್ನು ಹಿಡಿಯಲು ಹೋಗಬಾರದು, ಬಿಟ್ಟು ದೂರ ಸರಿಯಬೇಕು. ಕಂಬ ಮತ್ತೆ ಸಿಗುತ್ತದೆ. ಮೂರನೆಯದು, ಸೀಟಿ ಊದಿದರೆ ಇದ್ದವರು ಇದ್ದಲ್ಲೇ ಕಲ್ಲಾಗಿ ನಿಲ್ಲಬೇಕು. ಅವರ ಕೊರಳಲ್ಲಿ ಬಸ್ ಕಂಡಕ್ಟರರ ಸೀಟಿಯೊಂದು ಕಪ್ಪು ದಾರದಲ್ಲಿ ತೂಗುತ್ತಿರುತ್ತದೆ. ಓಣಿಯ ಮಂದಿ ಅವರನ್ನು ಕರೆಯುವುದೇ 'ಸೀಟಿ ಮೌನಪ್ಪ' ಎಂದು.

ಆ ಸೀಟಿಗೆ ಒಂದು ಕಥೆ ಇದೆ. ಅದು ಸೂರ್ಯನಾರಾಯಣ ಅವರ ಕಥೆಯೂ ಹೌದು.

ಸೂರ್ಯನಾರಾಯಣ, ಮೌನಪ್ಪನವರ ಬಾಯಲ್ಲಿ ಸೂರಿ, ಅವರ ಜೊತೆಗಾರ. ಮೆದಕ್ ಕಡೆಯ ತೆಲುಗಿನವರು, ಮೌನಪ್ಪನವರಿಗಿಂತ ಮೂರು ವರ್ಷ ಚಿಕ್ಕವರು. ಹದಿಮೂರು ವರ್ಷದ ಹಿಂದೆ ಇಬ್ಬರೂ ಕೂಡಿ ಕೆಲಸ ಆರಂಭಿಸಿ ಎರಡು ತಿಂಗಳಷ್ಟೇ ಆಗಿತ್ತು. ಇವರಿಗೆ ತೆಲುಗು ಬಾರದು, ಅವರಿಗೆ ಕನ್ನಡ ಬಾರದು. ನಡುವೆ ಹೈದರಾಬಾದಿನ ಹಿಂದಿಯೇ ಸೇತುವೆ. ಒಂದು ದಿನ, ಮಳೆ ಬಂದು ನಿಂತ ಮರುಬೆಳಗು, ಒಂದು ಮಾಳಿಗೆಯ ಮೇಲೆ ಸೂರ್ಯನಾರಾಯಣ ಹತ್ತಡಿ ಕಂಬ ಎತ್ತಿ ಹಿಡಿದಿದ್ದರು. ಅದರ ತುದಿ ತಂತಿಯತ್ತ ವಾಲುತ್ತಿರುವುದನ್ನು ಮೌನಪ್ಪ ಕಂಡರು. ಮನುಷ್ಯನಿಗೆ ಗಾಬರಿಯಾದಾಗ ಕಲಿತ ಭಾಷೆ ಎಲ್ಲಿರುತ್ತದೆ? ತಾಯಿ ಕಲಿಸಿದ ಮಾತೇ ಬಾಯಿಗೆ ಬಂತು. "ತಡಿ! ತಡಿ!" ಎಂದು ಕೂಗಿದರು.

ಕನ್ನಡದಲ್ಲಿ ತಡಿ ಎಂದರೆ ನಿಲ್ಲು. ತೆಲುಗಿನಲ್ಲಿ ತಡಿ ಎಂದರೆ ಒದ್ದೆ.

ಸೂರ್ಯನಾರಾಯಣ ಕಾಲ ಕೆಳಗೆ ನೋಡಿದರು. ನೀರು ನಿಂತಿತ್ತು. ಅಣ್ಣ ಅದನ್ನೇ ಹೇಳುತ್ತಿದ್ದಾನೆ ಎಂದುಕೊಂಡು, ಕಂಬ ಹಿಡಿದೇ ಒಣ ಜಾಗಕ್ಕೆ ಎರಡು ಹೆಜ್ಜೆ ಸರಿದರು. ಒಣ ಜಾಗ ಇದ್ದದ್ದು ತಂತಿಯ ಕಡೆಗೆ.

ಜೀವ ಉಳಿಯಿತು. ಬಲಗೈಯ ಎರಡು ಬೆರಳು ಹೋದವು, ಅಂಗಾಲು ಸುಟ್ಟಿತು, ನಾಲ್ಕು ತಿಂಗಳು ಮಂಚ ಹಿಡಿದರು. ಆಸ್ಪತ್ರೆಯಲ್ಲಿ ಮಾತು ಬಂದ ದಿನ ಅವರು ಮೌನಪ್ಪನವರಿಗೆ ಹೇಳಿದ್ದು ಇಷ್ಟೇ: "ತಡಿ ಅನ್ನವ್ ಗದನ್ನಾ, ಅಂದುಕೇ ಪೊಡಿ ದಿಕ್ಕು ಒಚ್ಚಿನ." ಒದ್ದೆ ಅಂದೆಯಲ್ಲ ಅಣ್ಣಾ, ಅದಕ್ಕೇ ಒಣಗಿದ ಕಡೆ ಬಂದೆ.

"ಪಕ್ಕದಾಗಿದ್ದ ನರ್ಸಮ್ಮನ ಕೇಳಿದೆ, ತೆಲುಗಿನ್ಯಾಗ ತಡಿ ಅಂದ್ರ ಏನವ್ವಾ ಅಂತ. ಆಕಿ ಹೇಳಿದ್ಲು. ಅವತ್ತ ತಿಳೀತ್ರಿ ನನಗ," ಎನ್ನುತ್ತಾರೆ ಮೌನಪ್ಪ. ನಟ್ಟು ಬಿಚ್ಚುವ ಪಾನಾ ಒರೆಸುವ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಾರೆ. "ಕರೆಂಟ ಹೊಡೀತು ಅಂತ ಮಂದಿ ಅಂತಾರ. ಅವನ್ನ ವೈರಿನ ಕಡೆ ದೂಡಿದ್ದು ನನ್ನ ಮಾತು. ಕಾಯಾಕ ಅಂತ ಒದರಿದ ಮಾತ ಅದು."

ಅಂದಿನಿಂದ ಅವರು ಮಾಳಿಗೆಯ ಮೇಲೆ ಕೂಗುವುದನ್ನು ಬಿಟ್ಟರು. ಸುಲ್ತಾನ್ ಬಜಾರಿಗೆ ಹೋಗಿ ಸೀಟಿ ತಂದರು. ಸೀಟಿಗೆ ಭಾಷೆ ಇಲ್ಲ. ಹದಿಮೂರು ವರ್ಷದಲ್ಲಿ ಅವರು ಹತ್ತಿದ ಯಾವ ಮಾಳಿಗೆಯಲ್ಲೂ ಒಬ್ಬರಿಗೂ ಗಾಯವಾಗಿಲ್ಲ. ಅವರು ಇಟ್ಟುಕೊಂಡಿರುವ ಲೆಕ್ಕ ಅದೊಂದೇ. ಇನ್ನು ಯಾರದೇ ಒಂದು ಕೈ ಹೋದರೂ ತಾವು ಈ ಕೆಲಸ ಬಿಡುವುದಾಗಿ ದೇವರ ಮುಂದೆ ಮಾತು ಕೊಟ್ಟಿದ್ದಾರೆ.

ಸೂರ್ಯನಾರಾಯಣ ಕೆಲಸ ಬಿಡಲಿಲ್ಲ, ಮಾಳಿಗೆ ಬಿಟ್ಟರು. ಕೆಳಗೆ ಟಿ.ವಿ. ಮುಂದೆ ಕೂತು ಚಾನೆಲ್ ಹುಡುಕುವುದು, ಸಿಗ್ನಲ್ ಎಷ್ಟು ಬಂತೆಂದು ಫೋನಿನಲ್ಲಿ ಮೇಲಕ್ಕೆ ಹೇಳುವುದು ಅವರ ಪಾಲು. ಎಂಥ ತುರ್ತಿದ್ದರೂ ಮೆಟ್ಟಿಲ ಕೊನೆಯ ಹಂತದ ಆಚೆ ಕಾಲಿಟ್ಟವರಲ್ಲ. ಈ ಹದಿಮೂರು ವರ್ಷದಲ್ಲಿ ಅವರು ಕನ್ನಡ ಕಲಿತರು, ಮೌನಪ್ಪ ತೆಲುಗು ಕಲಿತರು. ಯಾರೂ ಕೂತು ಕಲಿಸಿದ್ದಲ್ಲ; ಹೆದರಿಕೆಯೇ ಮೇಷ್ಟ್ರು.

ಈಗ ಆರೂವರೆ. ಕೆಳಗೆ ಸೂರ್ಯನಾರಾಯಣ ಟಿ.ವಿ. ಮತ್ತು ಡಿಶ್ಶಿನ ಡಬ್ಬಿ ಎರಡರ ಪ್ಲಗ್ಗನ್ನೂ ಕಿತ್ತು, ಫೋನಿನಲ್ಲಿ "ತೀಸಿನ ಅನ್ನಾ, ಕಿತ್ತೀನಿ" ಎಂದು ಎರಡೂ ಭಾಷೆಯಲ್ಲಿ ಹೇಳುತ್ತಾರೆ. ಆಮೇಲಷ್ಟೇ ಮೌನಪ್ಪ ಡಿಶ್ಶಿನ ವೈರಿಗೆ ಕೈ ಹಚ್ಚುತ್ತಾರೆ. ಆ ವೈರಿನಲ್ಲೂ ಸಣ್ಣ ಕರೆಂಟು ಹರಿಯುತ್ತದೆ ಎಂಬುದು ಬಹಳ ಜನಕ್ಕೆ ತಿಳಿಯದು. ತುಕ್ಕು ಹಿಡಿದ ಬೋಲ್ಟುಗಳಿಗೆ ನಿನ್ನೆ ಸಂಜೆಯೇ ಎಣ್ಣೆ ಬಿಟ್ಟು ಹೋಗಿದ್ದಾರೆ, ಈಗ ಅವು ಜಗಳವಿಲ್ಲದೆ ಬಿಚ್ಚಿಕೊಳ್ಳುತ್ತವೆ. ತಟ್ಟೆಗೆ ಮೊದಲೇ ಹಗ್ಗ ಕಟ್ಟಿ ಟ್ಯಾಂಕಿನ ಕಾಲಿಗೆ ಬಿಗಿದಿದ್ದಾರೆ.

"ಡಿಶ್ ಅಂದ್ರ ಬಿಚ್ಚಿದ ಛತ್ರಿ ಇದ್ದಂಗ್ರಿ. ಗಾಳಿ ಬಂತಂದ್ರ ತನ್ನ ಜೋಡಿ ನಮ್ಮನ್ನೂ ಒಯ್ತೈತಿ. ಗಾಳಿ, ಮಳಿ, ಮಿಂಚು ಇದ್ದ ದಿನಾ ನಾ ಮನೀ ಬಿಟ್ಟು ಹೊರಡಂಗೇ ಇಲ್ಲ."

ಡಿಶ್ಶಿನ ಕಾಲಿಗೆ ಸುವರ್ಣಾ ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿದ್ದಾಳೆ. ಬೋರಬಂಡದ ಅರ್ಧ ಮಾಳಿಗೆಗಳಲ್ಲಿ ಇದೇ ರೂಢಿ. ಮೌನಪ್ಪ ಅದನ್ನು ಬಿಚ್ಚಿ, ಚೀಲದಿಂದ ನೈಲಾನ್ ಹಗ್ಗ ತೆಗೆದು ಗೋಡೆಯ ಮೊಳೆಗಳ ನಡುವೆ ಕಟ್ಟಿಕೊಡುತ್ತಾರೆ.

"ಹಸಿ ಸೀರಿ, ಕಬ್ಬಿಣದ ತಂತಿ, ಕಂಬ, ಈ ಮೂರೂ ಬೀಗರಾಗಬಾರದು ತಂಗೀ."

"ನನ್ನ ಹಗ್ಗಕ್ಕೂ ನೀವ ಸೋಯರಿಕಿ ನೋಡತೀರೇನ್ರಿ ಕಾಕಾ?" ಎಂದು ನಗುತ್ತ ಸುವರ್ಣಾ ಚಹಾಕ್ಕಿಡಲು ಇಳಿದುಹೋಗುತ್ತಾಳೆ.

ಮೇಲೆ ಉಳಿದವರು ಮೌನಪ್ಪ ಮತ್ತು ಆನಂದಕುಮಾರ. ಆನಂದಕುಮಾರನಿಗೆ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಏಳೂಕಾಲಿಗೆ ಬಸ್ಸು. ಅವನು ನಿಮಿಷಕ್ಕೊಮ್ಮೆ ಫೋನು ನೋಡುತ್ತಾನೆ. ಮೌನಪ್ಪ ಕಂಬಕ್ಕೆ ಆಂಟೆನಾ ಬಿಗಿದು, ಜೋಡಿಯನ್ನು ನೆಲಕ್ಕೆ ಮಲಗಿಸಿ, ಹಿತ್ತಲ ಗೋಡೆಗೆ ತಿರುಗಿ ಡ್ರಿಲ್ಲು ಹಚ್ಚುತ್ತಾರೆ. ಡ್ರಿಲ್ಲಿನ ಸಪ್ಪಳದಲ್ಲಿ ಲೋಕ ಮುಳುಗುತ್ತದೆ. ಜೇಬಿನಲ್ಲಿ ಫೋನು ಬಡಿದುಕೊಂಡರೂ ಅವರಿಗೆ ಕೇಳುವುದಿಲ್ಲ.

ಆ ಫೋನು ಸೂರ್ಯನಾರಾಯಣ ಅವರದು. ಟಿ.ವಿ. ಹಳೆಯದು, ಆಂಟೆನಾದ ಸಿಗ್ನಲ್ಲು ಅದಕ್ಕೆ ನೇರ ಹಿಡಿಯದು, ಒಂದು ಸಣ್ಣ ಡಬ್ಬಿ ಬೇಕು ಎಂದು ಹೇಳುವುದಿದೆ. ಎರಡು ಸಲ ಮಾಡಿ ನೋಡಿ, ಎತ್ತದಿದ್ದಾಗ ಮೆಟ್ಟಿಲು ಹತ್ತಿ ಬರುತ್ತಾರೆ. ಎಂದಿನಂತೆ ಕೊನೆಯ ಹಂತದಲ್ಲಿ ನಿಲ್ಲುತ್ತಾರೆ.

ಅಲ್ಲಿಂದ ಅವರಿಗೆ ಕಾಣುವುದು ಆನಂದಕುಮಾರನ ಬೆನ್ನು. ಮುಂಭಾಗದ ಗೋಡೆಯಲ್ಲಿ ಡಿಶ್ಶಿನ ಹಳೆಯ ಕಬ್ಬಿಣದ ಕಾಲು ಇನ್ನೂ ಗಟ್ಟಿಯಾಗಿ ನಿಂತಿದೆ. ಇದ್ದ ಕಾಲು ಬಿಟ್ಟು ಹೊಸ ತೂತು ಯಾಕೆ ಕೊರೆಯಬೇಕು, ಇದರಲ್ಲೇ ಸಿಕ್ಕಿಸಿದರೆ ಐದು ನಿಮಿಷದ ಕೆಲಸ ಎಂದು ಅವನಿಗೆ ತೋಚಿದೆ. ಕಂಬವನ್ನು ಎತ್ತಿ ನಿಲ್ಲಿಸಿಕೊಂಡು, ಗೋಡೆಯ ಆಚೆಗೆ ಬಾಗಿಸುತ್ತಿದ್ದಾನೆ. ಆಂಟೆನಾದ ತುದಿಗೂ ತಂತಿಗೂ ನಡುವೆ ಒಂದು ಮೊಳ ಉಳಿದಿದೆ.

ಸೀಟಿ ಇರುವುದು ಮೌನಪ್ಪನವರ ಕೊರಳಲ್ಲಿ.

"ತಡೀ!"

ಆ ಕೂಗು ಡ್ರಿಲ್ಲಿನ ಸಪ್ಪಳವನ್ನೂ ಸೀಳಿಕೊಂಡು ಹೋಗುತ್ತದೆ. ಆನಂದಕುಮಾರ ಇದ್ದ ಭಂಗಿಯಲ್ಲೇ ನಿಂತುಬಿಡುತ್ತಾನೆ. "ಹಂಗೇ... ಹಿಂದ ಬಾ... ಮೆಲ್ಲಕ," ಎನ್ನುತ್ತ ಸೂರ್ಯನಾರಾಯಣ ಮೆಟ್ಟಿಲಿಂದ ಮಾಳಿಗೆಗೆ ಬರುತ್ತಾರೆ. ಕಂಬ ಒಳಗೆ ವಾಲಿದ ಮೇಲೆ, ಮೂರು ಬೆರಳಿನ ಕೈಯಿಂದಲೇ ಅದರ ನಡುವನ್ನು ಹಿಡಿದು ನೆಲಕ್ಕೆ ಮಲಗಿಸುತ್ತಾರೆ.

ಡ್ರಿಲ್ಲು ನಿಲ್ಲುತ್ತದೆ. ಮೌನಪ್ಪ ತಿರುಗಿ ನೋಡುತ್ತಾರೆ. ನೆಲದ ಮೇಲಿನ ಕಂಬ, ಬೆವೆತ ಹುಡುಗ, ಮಾಳಿಗೆಯ ನಟ್ಟನಡುವೆ ನಿಂತ ಸೂರಿ.

"ಕಾಕಾ, ನಾ ಬರೇ... ಅಲ್ಲಿ ಕಾಲ ಇತ್ತಲ್ರಿ... ಬಸ್ಸಿಗೆ ಹೊತ್ತಾಗ್ತೈತಿ ಅಂತ..."

"ಬಸ್ಸು ನಾಳೀನೂ ಬರ್ತೈತಿ ಅಪ್ಪಾ," ಎನ್ನುತ್ತಾರೆ ಮೌನಪ್ಪ. ದನಿ ಏರುವುದಿಲ್ಲ. ಡ್ರಿಲ್ಲನ್ನು ಪಕ್ಕಕ್ಕಿಟ್ಟು ಗೋಡೆಗೆ ಒರಗಿ ಕೂರುತ್ತಾರೆ.

ಕೂಗು ಕೇಳಿ ಉಸ್ಸೆನ್ನುತ್ತ ಮೆಟ್ಟಿಲು ಹತ್ತಿ ಬಂದ ಗದಿಗೆಮ್ಮ ಮಾತ್ರ ಸುಮ್ಮನಿರುವವರಲ್ಲ. ಆದದ್ದನ್ನು ತಿಳಿದು ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ, ಆಮೇಲೆ ಅಳಿಯನ ಕಡೆ ತಿರುಗುತ್ತಾರೆ.

"ನಮ್ಮ ಅಳಿಯಂದಿರಿಗೆ ಎಲ್ಲಾದಕ್ಕೂ ಅವಸರ್ರಿ. ಲಗ್ನದಾಗ ಅಯ್ಯನೋರು ಮಂತ್ರಾ ಮುಗಸೂದರಾಗ ಗಂಟ ಹಾಕಿ ಕುಂತಿದ್ರು. ತಾಳಿ ಕಟ್ಟಿದ್ರ ಆತೇನು? ತಾಳೂದೂ ಕಲೀಬೇಕ್ರೀ!"

ಆನಂದಕುಮಾರ ತಲೆ ತಗ್ಗಿಸಿ ನಗುತ್ತಾನೆ, ಕಣ್ಣು ಒರೆಸಿಕೊಳ್ಳುತ್ತಾನೆ. ಬಸ್ಸಿನವರಿಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎನ್ನುತ್ತಾನೆ.

ಮೌನಪ್ಪ ಈಗ ಸೂರಿಯ ಮುಖ ನೋಡುತ್ತಾರೆ. "ನಿನ್ನ ಬಾಯಾಗ ಆ ಮಾತ ಹೆಂಗ ಬಂತೋ? ಗಾಬರಿ ಆದಾಗ ನಿನ್ನ ತೆಲುಗು ಬರಬೇಕಿತ್ತು."

"ಬಂದಿತ್ತು ಅನ್ನಾ. ಆಗು ಅಂತ ನಾಲಿಗಿ ತುದೀಗೆ ಬಂದಿತ್ತು," ಎನ್ನುತ್ತಾರೆ ಸೂರ್ಯನಾರಾಯಣ. ತೆಲುಗಿನಲ್ಲಿ ಆಗು ಎಂದರೆ ನಿಲ್ಲು. "ಆದ್ರ ಈ ಹುಡುಗ ನಿಮ್ಮೋನು. ನಿಮ್ಮ ಭಾಷಾದಾಗ ಆಗು ಅಂದ್ರ 'ಆಗಲಿ' ಅಂತ ಅಲ್ಲಾ? ಆಗಲಿ ಅಂತ ತಿಳಕೊಂಡು ಮುಂದ ಹೋದ್ರ? ಅದಕ್ಕ ನುಂಗಿದೆ. ನಿಂದೇ ಮಾತ ತೊಗೊಂಡು ಒದರಿದೆ."

ಮೌನಪ್ಪ ಎದ್ದು ಹೋಗಿ ಆ ಮೂರು ಬೆರಳಿನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಬಿಡುತ್ತಾರೆ. ಅಷ್ಟೇ. ಭಗವಂತ ಕೆಲವು ಉತ್ತರಗಳನ್ನು ಹದಿಮೂರು ವರ್ಷ ಕಾಯಿಸಿ ಕೊಡುತ್ತಾನೆ, ಅದೂ ಯಾವನೋ ಅವಸರದ ಅಳಿಯನ ನೆಪದಿಂದ.

ಕೆಲಸ ಮುಂದುವರಿಯುತ್ತದೆ. ಕೆಳಗೆ ಇಳಿಯುವುದು ಸೂರ್ಯನಾರಾಯಣರಿಗೆ ನೆನಪಾಗುವುದಿಲ್ಲ. ಮೌನಪ್ಪ ನೆನಪಿಸುವುದೂ ಇಲ್ಲ. ಹಿತ್ತಲ ಗೋಡೆಗೆ ನಾಲ್ಕು ಬೋಲ್ಟು ಕೂರುತ್ತವೆ. ಒಬ್ಬರು ಕಂಬ ನೆಟ್ಟಗೆ ಹಿಡಿಯುತ್ತಾರೆ, ಒಬ್ಬರು ಪಾನಾ ತಿರುಗಿಸುತ್ತಾರೆ. ಡಿಶ್ಶಿನ ಹಳೆಯ ವೈರು ಚೆನ್ನಾಗಿಯೇ ಇದೆ. ತುದಿ ಕತ್ತರಿಸಿ ಹೊಸ ಪಿನ್ನು ಹಾಕುತ್ತಾರೆ. ಗೋಡೆ ಹೊಗುವ ಜಾಗದಲ್ಲಿ ವೈರನ್ನು ಜೋಲಿಯಂತೆ ತುಸು ಇಳಿಬಿಡುತ್ತಾರೆ, ಮಳೆನೀರು ಅದರ ಗುಂಟ ಮನೆಯೊಳಗೆ ಬರದೆ ಅಲ್ಲೇ ತೊಟ್ಟಿಕ್ಕಲಿ ಎಂದು. ಕಡೆಯದು ಅರ್ತಿಂಗ್: ಕಂಬದ ಬುಡದಿಂದ ದಪ್ಪ ತಾಮ್ರದ ತಂತಿ ಹಿತ್ತಲ ಗೋಡೆಗುಂಟ ಇಳಿದು, ನೆಲದಲ್ಲಿ ಹೊಸದಾಗಿ ಹೂತ ಸರಳಿಗೆ ಸೇರುತ್ತದೆ. ನಲ್ಲಿ ಪೈಪಿಗೆ ಸುತ್ತಿ ಕೈತೊಳೆದುಕೊಳ್ಳುವವರಿದ್ದಾರೆ. ಈಗಿನ ಪೈಪು ಪ್ಲಾಸ್ಟಿಕ್ಕಿನದು, ಅದಕ್ಕೆ ಸುತ್ತಿದರೂ ಒಂದೇ, ಬಿಟ್ಟರೂ ಒಂದೇ.

"ಅದೇನೋ ತಮ್ಮಾ, ಅಷ್ಟುದ್ದ ತಂತಿ?" ಗದಿಗೆಮ್ಮನ ಪ್ರಶ್ನೆ.

"ಮಾತಿಗೆ ಅರ್ಥ ಬೇಕು, ಕಂಬಕ್ಕ ಅರ್ತಿಂಗ ಬೇಕು ಅವ್ವಾ. ಎರಡೂ ಇಲ್ಲಂದ್ರ ಮನೀ ಮ್ಯಾಲ ಸಿಡ್ಲು."

ಚೀಲದಲ್ಲಿದ್ದ ಸಣ್ಣ ಡಬ್ಬಿಯನ್ನು ಟಿ.ವಿ.ಗೆ ಜೋಡಿಸಿ ಪ್ಲಗ್ ಹಾಕಿದಾಗ ಎಂಟೂವರೆ. ತೆಲುಗಿನ ವಾರ್ತೆ, ಆಮೇಲೆ ಯಾವುದೋ ಗುಡಿಯ ಅಭಿಷೇಕ. ಗದಿಗೆಮ್ಮ ಟಿ.ವಿ.ಗೇ ಕೈ ಮುಗಿಯುತ್ತಾರೆ. ಮೌನಪ್ಪ ಚಿತ್ರ ನೋಡುವುದಿಲ್ಲ. ಬಾಗಿಲ ಹೊರಗೆ ಕೂತು, ಜೇಬಿನಿಂದ ಮಡಚಿ ಮಡಚಿ ಸವೆದ ಹಾಳೆಯೊಂದನ್ನು ತೆಗೆಯುತ್ತಾರೆ.

ಅದರಲ್ಲಿ ಎರಡು ಸಾಲಾಗಿ ಮಾತುಗಳಿವೆ. ಎಡಕ್ಕೆ ಮೌನಪ್ಪನವರ ಕನ್ನಡ, ಬಲಕ್ಕೆ ಸೂರ್ಯನಾರಾಯಣರ ತೆಲುಗು. ಕೇಳಲು ಒಂದೇ, ಅರ್ಥ ಬೇರೆ. ತಡಿ. ಆಗು. ಇವರ ಕಡೆ ತಗ್ಗು ಎಂದರೆ ಗುಂಡಿ, ಅವರಿಗೆ ಬಗ್ಗು, ಇಳಿಸು. ಅವರ 'ಕಿಂದ' ಎಂದರೆ ಕೆಳಗೆ, ಗದ್ದಲದಲ್ಲಿ ಇವರ ಕಿವಿಗೆ ಅದು 'ಹಿಂದ'. ಹೀಗೆ ಇಪ್ಪತ್ತೊಂದು ಮಾತು ಕೂಡಿವೆ. ಮಾದಾಪುರದ ಗಾಜಿನ ಕಟ್ಟಡಗಳಿಗೆ ಸಾರವೆ ಕಟ್ಟುವ ಯಾದಗಿರಿ, ರಾಯಚೂರಿನ ಮಂದಿಯನ್ನೂ, ಅವರ ಜೊತೆ ಕೆಲಸ ಮಾಡುವ ತೆಲುಗಿನವರನ್ನೂ ಕೇಳಿ ಕೇಳಿ ಕೂಡಿಸಿದ್ದು.

ನಿಮಗೇನು ಆಸೆ ಎಂದರೆ ಅವರು ತೋರಿಸುವುದು ಇದನ್ನೇ.

"ಇದನ್ನ ದೊಡ್ಡ ಅಕ್ಷರದಾಗ ಛಾಪಿಸಿ, ಕಟ್ಟಡದ ಕೆಲಸ ನಡೆಯೂ ಜಾಗಾದಾಗ ಹಚ್ಚಬೇಕಂತ ಐತ್ರಿ. ಮುಂಜಾನೆ ಏರೂಮುಂದ ಎರಡೂ ಕಡಿಯವರು ಒಮ್ಮೆ ಓದಿಕೊಂಡ್ರ ಸಾಕು, ಗಾಬರಿಯಾದಾಗ ನೆನಪಾಗ್ತೈತಿ."

"ಕೆಳಗ ನಮ್ಮ ಹೆಸರು ಹಾಕಸು ಅನ್ನಾ," ಎನ್ನುತ್ತಾರೆ ಪಕ್ಕದಲ್ಲಿ ಚಹಾ ಕುಡಿಯುತ್ತ ಕೂತ ಸೂರ್ಯನಾರಾಯಣ, ಅರ್ಧ ತಮಾಷೆಗೆ.

ಮೌನಪ್ಪ ಹಾಳೆಯನ್ನು ಅದರ ಹಳೆಯ ಮಡಿಕೆಗಳಲ್ಲೇ ಮಡಚಿ ಜೇಬಿಗಿಡುತ್ತಾರೆ.

"ಹೆಸರು ಯಾಕೋ ಸೂರಿ? ಯಾರದರ ಕೈ ಉಳದ್ರ ಸಾಕು."